ಇಂಡೀ ಟ್ಯಾಗ್ ಟೀಮ್ ಕುಸ್ತಿ: ಜೋಡಿ ನಿಲ್ಲುವುದು ಹೊಂದಾಣಿಕೆಯಿಂದಲಾ, ಒಬ್ಬೊಬ್ಬರ ಪ್ರತಿಭೆಯಿಂದಲಾ?

ಏಪ್ರನ್ ಮೂಲೆ

ಎಲ್ಲರಿಗೂ ನಮಸ್ಕಾರ. ಇಂಡೀ ಕುಸ್ತಿ, ಅಂದರೆ ದೊಡ್ಡ ಟಿವಿ ಕಂಪನಿಗಳ ಹೊರಗೆ ಸಣ್ಣ ಕಂಪನಿಗಳು ನಡೆಸುವ ಪ್ರದರ್ಶನ ಕುಸ್ತಿ, ನೋಡುವವರು ಇಲ್ಲಿ ಸಾಕಷ್ಟು ಜನ ಇದ್ದೀರಿ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ. ಒಂದು ಟ್ಯಾಗ್ ಟೀಮ್, ಅಂದರೆ ಕೈ ತಾಗಿಸಿ ಸರದಿಯ ಮೇಲೆ ರಿಂಗಿಗೆ ಇಳಿಯುವ ಜೋಡಿ, ದೊಡ್ಡದಾಗುವುದು ಇಬ್ಬರ ಹೊಂದಾಣಿಕೆಯಿಂದಲಾ, ಒಬ್ಬೊಬ್ಬರ ಪ್ರತಿಭೆಯಿಂದಲಾ?

"ಒಂಟಿಯಾಗಿ ಮೇಲೆ ಬರೋಕೆ ಆಗದವರನ್ನ ಇಬ್ಬಿಬ್ಬರಾಗಿ ಕಟ್ಟಿ ಇಡೋ ಜಾಗ ಅದು" ಎಂಬ ಮಾತು ಆಗಾಗ ಕಿವಿಗೆ ಬೀಳುತ್ತದೆ. ದೊಡ್ಡ ಕಂಪನಿಗಳ ಟಿವಿ ಕಾರ್ಯಕ್ರಮ ಮಾತ್ರ ನೋಡಿದವರಿಗೆ ಹಾಗೆ ಅನ್ನಿಸುವುದು ಸಹಜ. ಅಲ್ಲಿ ಸದ್ಯ ಕೆಲಸವಿಲ್ಲದ ಇಬ್ಬರನ್ನು ಸೇರಿಸಿ ಒಂದು ಹೆಸರು ಕೊಡುತ್ತಾರೆ. ಕೆಲವು ತಿಂಗಳಲ್ಲಿ ಒಡೆದೂ ಬಿಡುತ್ತಾರೆ. ಇಂಡೀ ಕಡೆ ಬಂದರೆ ಕತೆಯೇ ಬೇರೆ.

ಬ್ರಿಸ್ಕೋ ಸಹೋದರರನ್ನೇ ತೆಗೆದುಕೊಳ್ಳಿ. ಡೆಲವೇರ್ ರಾಜ್ಯದ ಲಾರೆಲ್ ಎಂಬ ಸಣ್ಣ ಊರಿನ, ಕೋಳಿ ಸಾಕುವ ಮನೆಯ ಹುಡುಗರು ಜೇ ಮತ್ತು ಮಾರ್ಕ್. ರಿಂಗ್ ಆಫ್ ಆನರ್ ಎಂಬ ಇಂಡೀ ಕಂಪನಿಯ ಮೊಟ್ಟಮೊದಲ ಕಾರ್ಯಕ್ರಮ 2002ರ ಫೆಬ್ರವರಿಯಲ್ಲಿ ಫಿಲಡೆಲ್ಫಿಯಾದಲ್ಲಿ ನಡೆಯಿತು. ಅವತ್ತು ಜೇ ಒಬ್ಬನೇ ಆಡಿದ. ಮಾರ್ಕ್‌ಗೆ ಇನ್ನೂ 18 ತುಂಬಿರಲಿಲ್ಲ, ಪೆನ್ಸಿಲ್ವೇನಿಯಾದ ನಿಯಮ ಅಡ್ಡ ಬಂತು. ಅಲ್ಲಿಂದ ಮುಂದೆ 20 ವರ್ಷ ಆ ಇಬ್ಬರು ಅದೇ ಕಂಪನಿಯಲ್ಲಿ 13 ಸಲ ಟ್ಯಾಗ್ ಚಾಂಪಿಯನ್ ಆದರು. ಸುತ್ತಮುತ್ತ ಇದ್ದವರೆಲ್ಲ ಒಬ್ಬೊಬ್ಬರಾಗಿ ದೊಡ್ಡ ಕಂಪನಿಗಳಿಗೆ ಹೋದರು. ಇವರು ಜೋಡಿಯಾಗಿಯೇ ಉಳಿದರು.

ಮಾರ್ಕ್ ಹಾರುವವನು. ಮೈ ಹೇಗೆ ಬಿದ್ದರೂ ಪರವಾಗಿಲ್ಲ ಎನ್ನುವ ಹಾಗೆ ಹಾರುತ್ತಾನೆ. ಜೇ ಹೊಡೆದಾಡುವವನು, ಮೈಕ್ ಹಿಡಿದರೆ ಸಭಾಂಗಣ ಅಲ್ಲಾಡಿಸುವವನು. ನನ್ನನ್ನು ಹಿಡಿದದ್ದು ಇವೆರಡೂ ಅಲ್ಲ. ಜೇ ರಿಂಗಿನ ಮಧ್ಯೆ ಏಟು ತಿನ್ನುತ್ತಿರುವಾಗ ಮಾರ್ಕ್ ಮೂಲೆಯಲ್ಲಿ, ಏಪ್ರನ್ (ಹಗ್ಗದ ಹೊರಗಿನ ಅಂಚು) ಮೇಲೆ ನಿಂತಿರುತ್ತಾನಲ್ಲ, ಆಗ ಅವನ ಮುಖ ನೋಡಿ. ಸುಮ್ನೆ ನಿಂತಿರುವುದಿಲ್ಲ. ಹಗ್ಗದ ಮೇಲೆ ಅರ್ಧ ಮೈ ಒಳಗೆ ಹಾಕಿ ಕೈ ಚಾಚುತ್ತಾನೆ, ಜನರನ್ನು ಕೂಗಿಸುತ್ತಾನೆ, ರೆಫರಿ ಜೊತೆ ಜಗಳಕ್ಕೆ ನಿಲ್ಲುತ್ತಾನೆ. ಕಣ್ಣು ಮಾತ್ರ ಅಣ್ಣನ ಮೇಲೇ ಇರುತ್ತದೆ. ನಮಗೆ ಜೇ ಬಗ್ಗೆ ಅಯ್ಯೋ ಅನ್ನಿಸುವಂತೆ ಮಾಡುವುದು ಮಾರ್ಕ್.

ಆದ್ದರಿಂದ ನಾನು ಹೇಳುವುದು ಇಷ್ಟು: ಜೋಡಿ ಕುಸ್ತಿಗೆ ಪ್ರತಿಭೆ ಖಂಡಿತ ಬೇಕು. ಅದು ಒಂಟಿ ಕುಸ್ತಿಯಲ್ಲಿ ಎದ್ದು ಕಾಣುವ ಪ್ರತಿಭೆ ಅಲ್ಲ. ತನ್ನ ಸರದಿ ಇಲ್ಲದಾಗ ಜೊತೆಗಾರನನ್ನು ದೊಡ್ಡವನನ್ನಾಗಿ ಮಾಡುವ ಪ್ರತಿಭೆ. ಅದಿಲ್ಲದ ಇಬ್ಬರು ತಾರೆಯರನ್ನು ಒಟ್ಟಿಗೆ ಹಾಕಿದರೆ ಒಂದು ಒಳ್ಳೆ ಪಂದ್ಯ ಸಿಗಬಹುದು. ಒಳ್ಳೆ ಜೋಡಿ ಸಿಗುವುದಿಲ್ಲ. ನಿಮ್ಮ ಅಭಿಪ್ರಾಯ ಹೇಳಿ.

ಲ್ಯಾಡರ್ ವಾರ್

ಅಣ್ಣ, ಬ್ರಿಸ್ಕೋಸ್ ವಿಷಯದಲ್ಲಿ ನೂರಕ್ಕೆ ನೂರು ಒಪ್ಪುತ್ತೇನೆ. ಆದರೆ ಅವರು ಅಣ್ಣತಮ್ಮಂದಿರು. ಹುಟ್ಟಿದಾಗಿನಿಂದ ಒಟ್ಟಿಗೆ ಇದ್ದವರ ಉದಾಹರಣೆ ಕೊಟ್ಟರೆ ಹೊಂದಾಣಿಕೆಯೇ ಗೆಲ್ಲುತ್ತದೆ, ಅದರಲ್ಲಿ ಏನಿದೆ?

ನಾನು ಕೆವಿನ್ ಸ್ಟೀನ್ ಮತ್ತು ಎಲ್ ಜೆನೆರಿಕೊ ಕಡೆ ನೋಡುತ್ತೇನೆ. ಕ್ವಿಬೆಕ್‌ನಿಂದ ಬಂದ ಇಬ್ಬರು. ಒಬ್ಬ ದಪ್ಪ ಮೈಯ, ಬಾಯಿಬಡುಕ, ಒರಟ. ಇನ್ನೊಬ್ಬ ಮುಖವಾಡ ಹಾಕಿದ, ಹೆಚ್ಚು ಮಾತಾಡದ, ನೋಡಿದ ಕೂಡಲೇ ಪ್ರೀತಿ ಹುಟ್ಟಿಸುವ ಮನುಷ್ಯ. ಇಬ್ಬರೂ ಒಂಟಿಯಾಗಿ ಯಾವ ಕಾರ್ಯಕ್ರಮದಲ್ಲಾದರೂ ಕೊನೆಯ ಪಂದ್ಯ ಆಡಬಲ್ಲವರು. 2007ರ ಸೆಪ್ಟೆಂಬರ್‌ನಲ್ಲಿ ಶಿಕಾಗೋ ಹತ್ತಿರ ಬ್ರಿಸ್ಕೋಸ್ ವಿರುದ್ಧ ಇವರು ಆಡಿದ ಮೊದಲ ಲ್ಯಾಡರ್ ವಾರ್ (ಏಣಿ ಹತ್ತಿ ಮೇಲೆ ತೂಗುವ ಚಾಂಪಿಯನ್ ಬೆಲ್ಟ್ ಇಳಿಸಿಕೊಳ್ಳುವ ಪಂದ್ಯ) ನೋಡಿ. ನನ್ನ ಹೆಸರೂ ಅಲ್ಲಿಂದಲೇ ಬಂದದ್ದು. ಅವತ್ತು ಗೆದ್ದದ್ದು ಬ್ರಿಸ್ಕೋಸ್. ಆದರೆ ಆ ಪಂದ್ಯದಿಂದ ಎಲ್ಲರ ಬಾಯಲ್ಲೂ ಉಳಿದದ್ದು ಸ್ಟೀನ್ ಮತ್ತು ಜೆನೆರಿಕೊ. ಮರುವರ್ಷ, 2008ರ ಸೆಪ್ಟೆಂಬರ್‌ನಲ್ಲಿ ಬಾಸ್ಟನ್‌ನಲ್ಲಿ ಜಿಮ್ಮಿ ಜೇಕಬ್ಸ್ ಮತ್ತು ಟೈಲರ್ ಬ್ಲ್ಯಾಕ್ ಜೋಡಿಯನ್ನು ಸೋಲಿಸಿ ಚಾಂಪಿಯನ್ ಆದರು.

ಇವರಿಬ್ಬರ ಜೋಡಿ ಅಷ್ಟು ಚೆನ್ನಾಗಿದ್ದದ್ದು ಒಬ್ಬೊಬ್ಬರೂ ಅಷ್ಟು ಚೆನ್ನಾಗಿದ್ದರಿಂದಲೇ ಅಂತ ನನ್ನ ವಾದ. ಸಾಧಾರಣ ಇಬ್ಬರು ಎಷ್ಟು ವರ್ಷ ಒಟ್ಟಿಗೆ ಅಭ್ಯಾಸ ಮಾಡಿದರೂ ಸ್ಟೀನ್ ಮತ್ತು ಜೆನೆರಿಕೊ ಆಗುವುದಿಲ್ಲ.

ನ್ಯೂಜೆರ್ಸಿ ಕನ್ನಡತಿ

ನಾನು ಇಲ್ಲಿಗೆ ಬಂದ ಮೇಲೆ ಇಂಡೀ ಕುಸ್ತಿಯನ್ನು ಹತ್ತಿರದಿಂದ ನೋಡುವ ಅಭ್ಯಾಸ ಆಯಿತು. ಶಾಲೆಯ ಜಿಮ್, ನಿವೃತ್ತ ಸೈನಿಕರ ಸಂಘದ ಹಾಲ್, ಮಡಚುವ ಕುರ್ಚಿ. ರಿಂಗ್ ಕೈಗೆ ಸಿಗುವಷ್ಟು ಹತ್ತಿರ.

ಟಿವಿಯಲ್ಲಿ ಕ್ಯಾಮೆರಾ ರಿಂಗಿನ ಮಧ್ಯೆ ಇರುವ ಇಬ್ಬರ ಮೇಲೆ ಇರುತ್ತದೆ. ಹಾಲ್‌ನಲ್ಲಿ ಕೂತವರಿಗೆ ನಾಲ್ಕೂ ಜನ ಕಾಣುತ್ತಾರೆ. ಏಪ್ರನ್ ಮೇಲೆ ನಿಂತವನು ಬೇಜಾರಾಗಿ ಅತ್ತಿತ್ತ ನೋಡುತ್ತಿದ್ದರೆ ಗೊತ್ತಾಗಿಬಿಡುತ್ತದೆ. ಅವತ್ತೇ ಜೋಡಿ ಮಾಡಿದ ಇಬ್ಬರು ಯಾರು, ವರ್ಷಗಟ್ಟಲೆ ಒಟ್ಟಿಗೆ ಕಾರಿನಲ್ಲಿ ಊರೂರು ಸುತ್ತಿದವರು ಯಾರು ಅಂತ ಮೊದಲ ಐದು ನಿಮಿಷದಲ್ಲಿ ಹೇಳಬಹುದು. ಒಟ್ಟಿಗೆ ಸುತ್ತಿದವರು ಒಬ್ಬರನ್ನೊಬ್ಬರು ನೋಡದೇ ಕೈ ಚಾಚುತ್ತಾರೆ. ಕೈ ಅಲ್ಲಿರುತ್ತದೆ.

ಇನ್ನೊಂದು ವಿಷಯ ಯಾರೂ ಎತ್ತಲಿಲ್ಲ. ದುಡ್ಡು. ಸಣ್ಣ ಕಂಪನಿ ನಡೆಸುವವನಿಗೆ ದೂರದ ಊರಿಂದ ಒಬ್ಬ ಹೆಸರುವಾಸಿ ಕುಸ್ತಿಪಟು ಬಂದರೆ ಒಂದು ವಿಮಾನ ಟಿಕೆಟ್, ಒಂದು ಸಂಭಾವನೆ. ಜೋಡಿ ಬಂದರೆ ಎರಡೆರಡು. ಪೋಸ್ಟರ್ ಮೇಲೆ ಮಾತ್ರ ಅದು ಒಂದೇ ಪಂದ್ಯ. ಹಾಗಾಗಿ ಇಂಡೀಯಲ್ಲಿ ಜೋಡಿಯಾಗಿ ಬದುಕುವುದು ಒಂಟಿಯಾಗಿ ಬದುಕುವುದಕ್ಕಿಂತ ಕಷ್ಟ. ಎಷ್ಟೋ ಜೋಡಿ ಒಡೆಯುವುದು ಜಗಳದಿಂದಲ್ಲ, ಒಬ್ಬನಿಗೆ ಮಾತ್ರ ಕರೆ ಬರುವುದರಿಂದ. ಬ್ರಿಸ್ಕೋಸ್ 20 ವರ್ಷ ಜೋಡಿಯಾಗಿ ಉಳಿದರು ಅನ್ನುವಾಗ ಇದೂ ಲೆಕ್ಕಕ್ಕೆ ಬರಬೇಕು.

ಗರಡಿ ಹುಡ್ಗ

ಕ್ಷಮಿಸಿ, ನನ್ನದು ಬೇರೆ ಪ್ರಶ್ನೆ. ನಮ್ಮ ಕಡೆ ದಸರಾ ಕುಸ್ತಿ, ಜಾತ್ರೆ ಕುಸ್ತಿ ನೋಡಿ ಬೆಳೆದವನು ನಾನು. ಮಟ್ಟಿಯ ಮೇಲೆ ಇಬ್ಬರು ನಿಲ್ಲುತ್ತಾರೆ, ಬೆನ್ನು ನೆಲಕ್ಕೆ ತಾಗಿದವನು ಸೋತ. ನೀವು ಹೇಳುವ ಕುಸ್ತಿಯಲ್ಲಿ ಯಾರು ಗೆಲ್ಲಬೇಕು ಅಂತ ಮೊದಲೇ ತೀರ್ಮಾನ ಆಗಿರುತ್ತದೆ. ಹಾಗಿದ್ದಮೇಲೆ ಹೊಂದಾಣಿಕೆ ಗೆದ್ದಿತು, ಪ್ರತಿಭೆ ಗೆದ್ದಿತು ಅನ್ನುವುದಕ್ಕೆ ಅರ್ಥ ಏನು? ಕೊಂಕು ತೆಗೆಯುತ್ತಿಲ್ಲ, ನಿಜವಾಗಿ ತಿಳಿಯಬೇಕು ಅಂತ ಕೇಳುತ್ತಿದ್ದೇನೆ.

ಏಪ್ರನ್ ಮೂಲೆ

ಗರಡಿ ಹುಡ್ಗ, ಒಳ್ಳೆ ಪ್ರಶ್ನೆ. ಸ್ವಲ್ಪ ಉದ್ದವಾಗಿಯೇ ಉತ್ತರ ಕೊಡುತ್ತೇನೆ.

ಫಲಿತಾಂಶ ಮೊದಲೇ ತೀರ್ಮಾನ ಆಗಿರುತ್ತದೆ, ಹೌದು. ಆದರೆ ಬೀಳುವುದು ನಿಜ. ಮೈ ನಿಜ, ಕುತ್ತಿಗೆ ನಿಜ. ಒಂಟಿ ಪಂದ್ಯದಲ್ಲಿ ನಿಮ್ಮ ಕುತ್ತಿಗೆ ಒಬ್ಬನ ಕೈಯಲ್ಲಿ ಇರುತ್ತದೆ. ಜೋಡಿ ಪಂದ್ಯದಲ್ಲಿ ಇಬ್ಬರ ಕೈಯಲ್ಲಿ, ಅದೂ ಇಬ್ಬರೂ ಬೇರೆ ಬೇರೆ ಕಡೆಯಿಂದ ಬರುತ್ತಿರುವಾಗ.

ಯಂಗ್ ಬಕ್ಸ್ ಜೋಡಿಯ (ಮ್ಯಾಟ್, ನಿಕ್ ಎಂಬ ಅಣ್ಣತಮ್ಮಂದಿರು) ಮೆಲ್ಟ್ಜರ್ ಡ್ರೈವರ್ ಎಂಬ ಪಟ್ಟು ಗೊತ್ತಲ್ಲ? ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮ್ಯಾಟ್ ಎದುರಾಳಿಯನ್ನು ತಲೆ ಕೆಳಗೆ ಮಾಡಿ ತೊಡೆಗಳ ನಡುವೆ ಹಿಡಿದು ನಿಂತಿರುತ್ತಾನೆ. ನಿಕ್ ಹೊರಗಿನಿಂದ ಹಗ್ಗದ ಮೇಲೆ ಜಿಗಿದು, ಗಾಳಿಯಲ್ಲಿ ಒಂದು ಲಾಗ ಹಾಕಿ, ಬೀಳುತ್ತಾ ಎದುರಾಳಿಯ ಕಾಲನ್ನು ಕೆಳಕ್ಕೆ ಒತ್ತುತ್ತಾನೆ. ಅದೇ ಕ್ಷಣಕ್ಕೆ ಮ್ಯಾಟ್ ಮಂಡಿಯೂರಬೇಕು. ಮ್ಯಾಟ್ ಬೇಗ ಕೂತರೆ ನಿಕ್ ಖಾಲಿ ಗಾಳಿಗೆ ಬೀಳುತ್ತಾನೆ. ತಡವಾದರೆ ಇನ್ನೂ ನಿಂತಿರುವ ಮ್ಯಾಟ್‌ನ ಕೈಯಲ್ಲಿರುವ ಎದುರಾಳಿಯ ಮೇಲೆ ನಿಕ್‌ನ ಇಡೀ ಭಾರ ಬೀಳುತ್ತದೆ. ತಲೆ ಕೆಳಗಾಗಿರುವವನಿಗೆ ಏನೂ ಕಾಣುವುದಿಲ್ಲ, ಅವನು ಇಬ್ಬರನ್ನೂ ನಂಬಿ ಇರಬೇಕು. ಇದನ್ನು ಪ್ರತಿಭಾವಂತರಾದ ಇಬ್ಬರು ಅಪರಿಚಿತರು ಒಂದು ಮಧ್ಯಾಹ್ನ ಮಾತಾಡಿಕೊಂಡು ಮಾಡಲು ಆಗುವುದಿಲ್ಲ. ಮ್ಯಾಟ್ ಮತ್ತು ನಿಕ್ ಕ್ಯಾಲಿಫೋರ್ನಿಯಾದ ಮನೆಯ ಹಿತ್ತಲಲ್ಲಿ ಅಪ್ಪ ಕಟ್ಟಿಕೊಟ್ಟ ರಿಂಗಿನಲ್ಲಿ ಹುಡುಗರಾಗಿದ್ದಾಗಿನಿಂದ ಒಟ್ಟಿಗೆ ಬಿದ್ದವರು.

ಇನ್ನೊಂದು, ಕತೆ. ಜೋಡಿ ಪಂದ್ಯಕ್ಕೆ ಅಮೆರಿಕದ ದಕ್ಷಿಣದಲ್ಲಿ ಬೆಳೆದ ಒಂದು ಹಳೇ ಕ್ರಮ ಇದೆ. ಮೊದಲು ಒಳ್ಳೆಯವರು ಮಿಂಚುತ್ತಾರೆ. ಆಮೇಲೆ ಕೆಟ್ಟವರು ಮೋಸ ಮಾಡಿ ಒಬ್ಬನನ್ನು ತಮ್ಮ ಮೂಲೆಗೆ ಎಳೆದುಕೊಂಡು, ಅವನು ಜೊತೆಗಾರನ ಹತ್ತಿರ ಹೋಗದ ಹಾಗೆ ತಡೆದು, ಹೊಡೆಯುತ್ತಾರೆ. ಅವನು ತೆವಳುತ್ತಾನೆ. ಇನ್ನೇನು ಕೈ ತಾಗಬೇಕು, ಕಾಲು ಹಿಡಿದು ಎಳೆಯುತ್ತಾರೆ. ಕೊನೆಗೆ ಕೈ ತಾಗುತ್ತದೆ. ಅದಕ್ಕೇ ಹಾಟ್ ಟ್ಯಾಗ್ ಅನ್ನುವುದು. ಹೊರಗಿದ್ದವನು ನುಗ್ಗಿ ಬಂದು ಇಬ್ಬರನ್ನೂ ಚೆಂಡಾಡುತ್ತಾನೆ. 1980ರ ದಶಕದಲ್ಲಿ ರಾಕ್ ಎನ್ ರೋಲ್ ಎಕ್ಸ್‌ಪ್ರೆಸ್‌ನ ರಿಕಿ ಮಾರ್ಟನ್ ಈ ಏಟು ತಿನ್ನುವ ಕೆಲಸದಲ್ಲಿ ಎಷ್ಟು ಪಳಗಿದ್ದ ಅಂದರೆ, ಇವತ್ತಿಗೂ ಆ ಪಾತ್ರಕ್ಕೆ ಅವನ ಹೆಸರನ್ನೇ ಹೇಳುತ್ತಾರೆ.

ಇಲ್ಲಿ ಜನ ಎದ್ದು ಕೂಗುವುದು ನುಗ್ಗಿ ಬಂದವನಿಗೆ. ಆ ಕೂಗನ್ನು ಸಂಪಾದಿಸಿದ್ದು ಹತ್ತು ನಿಮಿಷ ಏಟು ತಿಂದವನು. ತಾನು ದುಡಿದದ್ದನ್ನು ಜೊತೆಗಾರನ ಕೈಗೆ ಕೊಟ್ಟು ಅವನು ಹೊರಗೆ ಉರುಳಿ ಹೋಗುತ್ತಾನೆ. ಗೆಲುವು ಬರೆದಿಟ್ಟದ್ದೇ ಇರಬಹುದು, ಈ ಕೊಡುವುದನ್ನು ಯಾರೂ ಬರೆದುಕೊಡಲು ಆಗುವುದಿಲ್ಲ.

ಕುಂದಾಪ್ರದವ

ಮಾರಾಯ್ರೆ, ಇದನ್ನು ಓದುವಾಗ ನನಗೆ ತಾಳಮದ್ದಲೆ ನೆನಪಾಯಿತು. ನಮ್ಮ ಕಡೆ ಮಳೆಗಾಲದಲ್ಲಿ ಕೇಳಿ ಬೆಳೆದದ್ದು. ಪ್ರಸಂಗ ಗೊತ್ತಿದೆ, ಕರ್ಣ ಸಾಯುತ್ತಾನೆ ಅಂತ ಎಲ್ಲರಿಗೂ ಗೊತ್ತಿದೆ. ಆದರೆ ಇಬ್ಬರು ಅರ್ಥಧಾರಿಗಳು ಏನು ಮಾತಾಡುತ್ತಾರೆ ಅಂತ ಬರೆದಿಟ್ಟಿಲ್ಲ. ಅಲ್ಲಿಯೇ ಕೂತು ಹುಟ್ಟಿಸಬೇಕು. ಒಬ್ಬ ಮಹಾ ಪಂಡಿತ ಬಂದು ತಾನೇ ಅರ್ಧ ಗಂಟೆ ಮಾತಾಡಿ, ಎದುರಿನವನಿಗೆ ಉತ್ತರ ಕೊಡಲು ಒಂದು ಎಳೆಯನ್ನೂ ಬಿಡದಿದ್ದರೆ ಪ್ರಸಂಗ ಏಳುವುದೇ ಇಲ್ಲ. ಎದುರಿನವನಿಗೆ ಮಾತು ಹುಟ್ಟುವ ಹಾಗೆ ತನ್ನ ಮಾತು ನಿಲ್ಲಿಸುವವನೇ ದೊಡ್ಡ ಅರ್ಥಧಾರಿ.

ಗರಡಿ ಹುಡ್ಗ ಅವರ ಪ್ರಶ್ನೆಗೆ ಇದೂ ಒಂದು ಉತ್ತರ ಅಂತ ಕಾಣುತ್ತದೆ. ಕೊನೆ ಗೊತ್ತಿದ್ದರೂ ಹೋಗುವ ದಾರಿ ಇಬ್ಬರೂ ಸೇರಿ ಕಟ್ಟಬೇಕು. ರಿಂಗಿನಲ್ಲೂ ಪಿಸುಮಾತಿನಲ್ಲಿ ಮುಂದಿನ ಪಟ್ಟು ಹೇಳಿಕೊಳ್ಳುತ್ತಾರೆ ಅಲ್ವಾ?

ಗರಡಿ ಹುಡ್ಗ

ಈಗ ಅರ್ಥವಾಯಿತು. ಮಟ್ಟಿ ಕುಸ್ತಿಯ ಅಳತೆಯಲ್ಲಿ ಇದನ್ನು ಅಳೆಯಬಾರದು. ಇನ್ನೊಂದು ಸಣ್ಣ ಸಂಶಯ: ಟ್ಯಾಗ್ ಮಾಡದೇ ಇಬ್ಬರೂ ಒಳಗೆ ಬಂದು ಹೊಡೆಯುತ್ತಾರಲ್ಲ, ರೆಫರಿ ಯಾಕೆ ಸುಮ್ಮನಿರುತ್ತಾನೆ?

ಲ್ಯಾಡರ್ ವಾರ್

ಸಾಮಾನ್ಯ ನಿಯಮದಲ್ಲಿ ಹೊರಗಿರುವವನು ಮೂಲೆಯ ಚಿಕ್ಕ ಟ್ಯಾಗ್ ಹಗ್ಗ ಹಿಡಿದು ನಿಲ್ಲಬೇಕು. ಕೈ ತಾಗಿದ ಮೇಲೆ ಇಬ್ಬರೂ ಒಟ್ಟಿಗೆ ಒಳಗಿರಲು ಸ್ವಲ್ಪ ಹೊತ್ತು ಬಿಡುತ್ತಾರೆ, ಆಮೇಲೆ ಒಬ್ಬ ಹೊರಗೆ ಹೋಗಬೇಕು. ಇಂಡೀಯಲ್ಲಿ ಅನೇಕ ರೆಫರಿಗಳು ಇದನ್ನು ಸಡಿಲ ಬಿಟ್ಟಿದ್ದಾರೆ, ಅದು ನನಗೂ ಇಷ್ಟವಿಲ್ಲ. ಕೈ ತಾಗುವುದಕ್ಕೆ ಬೆಲೆಯೇ ಇಲ್ಲದಿದ್ದರೆ ಏಪ್ರನ್ ಮೂಲೆ ಹೇಳಿದ ಕತೆ ಎಲ್ಲಿಂದ ಹುಟ್ಟಬೇಕು?

ಮೆಕ್ಸಿಕೋದ ಲೂಚಾ ಲಿಬ್ರೆಯಲ್ಲಿ ನಿಯಮವೇ ಬೇರೆ. ಒಬ್ಬ ರಿಂಗಿನಿಂದ ಹೊರಗೆ ಬಿದ್ದರೆ ಜೊತೆಗಾರ ಕೈ ತಾಗಿಸದೆಯೇ ಒಳಗೆ ಬರಬಹುದು. ಅಮೆರಿಕದ ಇಂಡೀ ಕಂಪನಿ ಚಿಕಾರಾ 2002ರಲ್ಲಿ ಶುರುವಾದಾಗ ಇದನ್ನೇ ತಂದಿತು. ಆಗ ಆಟ ಬಹಳ ಚುರುಕಾಗುತ್ತದೆ. ಒಬ್ಬ ಹೋದ, ಇನ್ನೊಬ್ಬ ಬಂದ, ನಾಲ್ಕೂ ಜನ ಸುತ್ತುತ್ತಲೇ ಇರುತ್ತಾರೆ. ಅಲ್ಲಿ ಬೇಕಾದ ಹೊಂದಾಣಿಕೆ ಬೇರೆ: ಕಾಯುವುದಕ್ಕಿಂತ ಯಾವಾಗ ಜಾಗ ಖಾಲಿ ಮಾಡಬೇಕು ಅನ್ನುವುದು ಗೊತ್ತಿರಬೇಕು.

ಚಿಕಾರಾ ಅಂದಾಗ ಕಿಂಗ್ಸ್ ಆಫ್ ರೆಸ್ಲಿಂಗ್ ಹೇಳದೇ ಇರಲು ಆಗುವುದಿಲ್ಲ. ಕ್ರಿಸ್ ಹೀರೋ ಮತ್ತು ಸ್ವಿಟ್ಜರ್ಲೆಂಡಿನ ಕ್ಲಾಡಿಯೊ ಕಾಸ್ಟಾನ್ಯೋಲಿ. 2006ರಲ್ಲಿ ಚಿಕಾರಾ, ಸಿಝಡ್‌ಡಬ್ಲ್ಯೂ, ರಿಂಗ್ ಆಫ್ ಆನರ್ ಮೂರೂ ಇಂಡೀ ಕಂಪನಿಗಳ ಟ್ಯಾಗ್ ಚಾಂಪಿಯನ್ ಬೆಲ್ಟ್ ಒಟ್ಟಿಗೆ ಇಟ್ಟುಕೊಂಡವರು. ನಡುವೆ ಬೇರೆಯಾಗಿ, ಮತ್ತೆ ಸೇರಿ, 2010ರ ಏಪ್ರಿಲ್‌ನಲ್ಲಿ ಬ್ರಿಸ್ಕೋಸ್ ಕೈಯಿಂದ ರಿಂಗ್ ಆಫ್ ಆನರ್ ಬೆಲ್ಟ್ ತೆಗೆದುಕೊಂಡು ಹೆಚ್ಚುಕಮ್ಮಿ ಒಂದು ವರ್ಷ ಬಿಟ್ಟುಕೊಡಲಿಲ್ಲ. ಇವರಿಬ್ಬರೂ ರಕ್ತಸಂಬಂಧಿಗಳಲ್ಲ. ಇಬ್ಬರೂ ಒಂಟಿಯಾಗಿಯೂ ದೊಡ್ಡ ಆಟಗಾರರು. ಇದು ನನ್ನ ಪಕ್ಷಕ್ಕೆ ಬಲ ಕೊಡುವ ಉದಾಹರಣೆ ಅಂತ ನಂಬಿದ್ದೇನೆ.

ಅದೇ ಕ್ಲಾಡಿಯೊ ಮುಂದೆ ಡಬ್ಲ್ಯೂಡಬ್ಲ್ಯೂಇಯಲ್ಲಿ ಸೆಸಾರೊ ಆದ. 2016ರಲ್ಲಿ ಶೇಮಸ್ ಜೊತೆ ಏಳು ಪಂದ್ಯಗಳ ಸರಣಿ ಆಡಿಸಿದರು, ಕೊನೆಯದು ಫಲಿತಾಂಶ ಇಲ್ಲದೆ ಮುಗಿಯಿತು. ಇಬ್ಬರನ್ನೂ ಬಲವಂತವಾಗಿ ಜೋಡಿ ಮಾಡಿದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಅವರು ನ್ಯೂ ಡೇ ತಂಡದ 483 ದಿನಗಳ ಚಾಂಪಿಯನ್ ಆಳ್ವಿಕೆ ಮುಗಿಸಿದರು. ಜಗಳವಾಡುತ್ತಿದ್ದ ಇಬ್ಬರು ಆ ಕಾಲದ ಒಳ್ಳೆ ಜೋಡಿಗಳಲ್ಲಿ ಒಂದಾದರು. ಪ್ರತಿಭೆ ಇದ್ದರೆ ಹೊಂದಾಣಿಕೆ ಹಿಂದೆಯೇ ಬರುತ್ತದೆ!

ಏಪ್ರನ್ ಮೂಲೆ

ಲ್ಯಾಡರ್ ವಾರ್, ಸೆಸಾರೊ ವಿಷಯದಲ್ಲಿ ನನ್ನ ಓದು ಬೇರೆ. ಅವನು ಕಿಂಗ್ಸ್ ಆಫ್ ರೆಸ್ಲಿಂಗ್‌ನಲ್ಲಿ ವರ್ಷಗಟ್ಟಲೆ ಜೋಡಿ ಕೆಲಸ ಕಲಿತು ಬಂದವನು. ಟೈಸನ್ ಕಿಡ್ ಜೊತೆ ಹಾಕಿದರು, ಹೊಂದಿಕೊಂಡ. ಶೇಮಸ್ ಜೊತೆ ಹಾಕಿದರು, ಹೊಂದಿಕೊಂಡ. ಯಾರ ಜೊತೆ ಹಾಕಿದರೂ ಜೋಡಿ ಎದ್ದು ನಿಲ್ಲುತ್ತದೆ ಅಂದರೆ, ಇಂಡೀಯಲ್ಲಿ ಅವನು ಕಲಿತ ಕೆಲಸ ಅಲ್ಲಿ ಫಲ ಕೊಟ್ಟಿತು ಅಂತಲ್ಲವೇ?

ಸ್ಟೀನ್ ಮತ್ತು ಜೆನೆರಿಕೊ ಬಗ್ಗೆಯೂ ಒಂದು ಮಾತು. 2009ರ ಡಿಸೆಂಬರ್ 19, ನ್ಯೂಯಾರ್ಕ್, ರಿಂಗ್ ಆಫ್ ಆನರ್‌ನ ಫೈನಲ್ ಬ್ಯಾಟಲ್ ಕಾರ್ಯಕ್ರಮ. ಯಂಗ್ ಬಕ್ಸ್ ಎದುರು ಸೋತ ಮೇಲೆ ಸ್ಟೀನ್ ತನ್ನ ಗೆಳೆಯನಿಗೇ ಕುರ್ಚಿಯಲ್ಲಿ ಹೊಡೆದ. ಅಲ್ಲಿಂದ ಒಂದು ವರ್ಷ ನಡೆದ ದ್ವೇಷ, 2010ರ ಫೈನಲ್ ಬ್ಯಾಟಲ್‌ನಲ್ಲಿ ಒಬ್ಬನ ಮುಖವಾಡ, ಇನ್ನೊಬ್ಬನ ಕೆಲಸ ಪಣಕ್ಕಿಟ್ಟು ಮುಗಿಯಿತು. ಜೆನೆರಿಕೊ ಗೆದ್ದ. ಇಬ್ಬರೂ ಒಂಟಿ ತಾರೆಯಾಗಿ ನಿಂತದ್ದು ಆ ಒಂದು ವರ್ಷದಲ್ಲಿ. ಆದರೆ ಆ ಕುರ್ಚಿ ಏಟು ನಮ್ಮನ್ನು ಯಾಕೆ ಅಷ್ಟು ಅಲ್ಲಾಡಿಸಿತು? ಅದಕ್ಕೆ ಮೊದಲು ವರ್ಷಗಟ್ಟಲೆ ಅವರಿಬ್ಬರನ್ನು ಒಂದು ಮೂಲೆಯಲ್ಲಿ ನೋಡಿದ್ದೆವು. ಜೋಡಿ ಕೂಡಿಸಿಟ್ಟದ್ದನ್ನು ಒಂಟಿಗಳು ಖರ್ಚು ಮಾಡಿದರು.

ನ್ಯೂಜೆರ್ಸಿ ಕನ್ನಡತಿ

ಅದೇ ಇಬ್ಬರು ಕೆವಿನ್ ಓವೆನ್ಸ್, ಸಾಮಿ ಜೇನ್ ಎಂಬ ಹೆಸರಲ್ಲಿ 2023ರ ಏಪ್ರಿಲ್ 1ರಂದು ಡಬ್ಲ್ಯೂಡಬ್ಲ್ಯೂಇಯ ರೆಸಲ್‌ಮೇನಿಯಾ ಮೊದಲ ರಾತ್ರಿಯ ಕೊನೆಯ ಪಂದ್ಯ ಆಡಿದರು. ಎದುರಿಗೆ ಅವಳಿ ಸಹೋದರರಾದ ಊಸೋಸ್. ಟ್ಯಾಗ್ ಬೆಲ್ಟ್‌ಗಾಗಿ ನಡೆದ ಪಂದ್ಯ ರೆಸಲ್‌ಮೇನಿಯಾದ ಕೊನೆಯ ಪಂದ್ಯವಾದದ್ದು ಅದೇ ಮೊದಲು. ಕ್ವಿಬೆಕ್‌ನ ಸಣ್ಣ ಹಾಲ್‌ಗಳಿಂದ ಅಲ್ಲಿಯವರೆಗೆ ಬಂದ ಜೋಡಿ ಗೆದ್ದಾಗ ನನಗೆ ಅಳು ತಡೆಯಲು ಆಗಲಿಲ್ಲ. ಅವರು ಬೇರೆಯಾಗಿ ಕಳೆದ ವರ್ಷಗಳೂ ಆ ಗೆಲುವಿನಲ್ಲಿ ಇದ್ದವು. ಹಾಗಾಗಿ ಲ್ಯಾಡರ್ ವಾರ್ ಹೇಳುವುದನ್ನು ಪೂರ್ತಿ ತಳ್ಳಿಹಾಕಲು ನನಗೆ ಮನಸ್ಸಿಲ್ಲ.

ಶನಿವಾರದ ಸಾಲು

ನಾನು ಬೆಂಗಳೂರಿನಿಂದ 2023ರ ಸೆಪ್ಟೆಂಬರ್ 8ರ ಡಬ್ಲ್ಯೂಡಬ್ಲ್ಯೂಇ ಹೈದರಾಬಾದ್ ಕಾರ್ಯಕ್ರಮಕ್ಕೆ ಹೋಗಿದ್ದೆ. ಗಚ್ಚಿಬೌಲಿಯಲ್ಲಿ ನಡೆದದ್ದು. ಕೊನೆಯ ಪಂದ್ಯದಲ್ಲಿ ಜಾನ್ ಸೀನಾ ಮತ್ತು ಸೆತ್ ರಾಲಿನ್ಸ್ ಒಂದು ಕಡೆ, ಇಂಪೀರಿಯಂ ತಂಡದ ಲುಡ್ವಿಗ್ ಕೈಸರ್ ಮತ್ತು ಜೊವಾನಿ ವಿಂಚಿ ಇನ್ನೊಂದು ಕಡೆ. ಪಳಗಿದ ಜೋಡಿ ಯಾವುದು ಅಂತ ಹೇಳಬೇಕಾಗಿಲ್ಲ. ಗೆದ್ದದ್ದು ತಾರೆಯರು. ಟಿಕೆಟ್ ಮಾರಿದ್ದೂ ತಾರೆಯರೇ. ಜನಕ್ಕೆ ಬೇಕಾದದ್ದು ಅದೇ ಅಲ್ವಾ? ಅಂದಹಾಗೆ ರಾಲಿನ್ಸ್ ಅಂದರೆ ಮೇಲೆ ಬಂದ ಟೈಲರ್ ಬ್ಲ್ಯಾಕ್‌ನೇ.

ಏಪ್ರನ್ ಮೂಲೆ

ಟಿಕೆಟ್ ವಿಷಯದಲ್ಲಿ ನೀವು ಹೇಳಿದ್ದು ಸರಿ. ಆದರೆ ಆ ಪಂದ್ಯದಲ್ಲಿ ಸೀನಾ ಬಂದಾಗ ಛಾವಣಿ ಹಾರುವ ಹಾಗೆ ಕೂಗಿಸಿದ ಕೆಲಸ ಯಾರದು? ಎದುರಾಳಿ ಜೋಡಿ ಸರಿಯಾಗಿ ದಾರಿ ಕಟ್ಟದಿದ್ದರೆ ಆ ಕೂಗು ಅಷ್ಟು ಜೋರಾಗುತ್ತಿರಲಿಲ್ಲ.

ಜೋಡಿಯೇ ಟಿಕೆಟ್ ಮಾರಿದ ಉದಾಹರಣೆಯೂ ಇದೆ. ಯಂಗ್ ಬಕ್ಸ್ ವರ್ಷಗಳ ಕಾಲ ಡಬ್ಲ್ಯೂಡಬ್ಲ್ಯೂಇ ನೆರಳಿಲ್ಲದೆ ತಮ್ಮ ಟೀ ಶರ್ಟ್ ತಾವೇ ಮಾರಿಕೊಂಡು, 2016ರಿಂದ ಯೂಟ್ಯೂಬಿನಲ್ಲಿ ತಮ್ಮದೇ ಸರಣಿ ಮಾಡಿಕೊಂಡು ಬೆಳೆದರು. 2018ರ ಸೆಪ್ಟೆಂಬರ್ 1ರಂದು ಕೋಡಿ ಎಂಬ ಕುಸ್ತಿಪಟು ಜೊತೆ ಸೇರಿ ಶಿಕಾಗೋ ಹತ್ತಿರ ಆಲ್ ಇನ್ ಎಂಬ ಕಾರ್ಯಕ್ರಮ ನಡೆಸಿದಾಗ 11 ಸಾವಿರಕ್ಕೂ ಜಾಸ್ತಿ ಜನ ಬಂದಿದ್ದರು. ಮರುವರ್ಷ ಎಇಡಬ್ಲ್ಯೂ ಎಂಬ ಹೊಸ ಕಂಪನಿ ಹುಟ್ಟಿತು. ಜೋಡಿಗೆ ಮಾರುಕಟ್ಟೆ ಇಲ್ಲ ಅನ್ನುವವರು ಅದನ್ನು ನೋಡಬೇಕು.

ಲ್ಯಾಡರ್ ವಾರ್

ಹಾಗಾದರೆ ಅದೇ ಬಕ್ಸ್ ಸೋತ ಪಂದ್ಯಕ್ಕೆ ಬರೋಣ. 2020ರ ಫೆಬ್ರವರಿ 29, ಶಿಕಾಗೋ, ಎಇಡಬ್ಲ್ಯೂ ರೆವಲ್ಯೂಷನ್. ಎದುರಿಗೆ ಕೆನ್ನಿ ಒಮೆಗಾ ಮತ್ತು ಹ್ಯಾಂಗ್‌ಮನ್ ಪೇಜ್. ಇಬ್ಬರು ಒಂಟಿ ತಾರೆಯರು, ಜೋಡಿಯಾಗಿ ಬೆಲ್ಟ್ ಗೆದ್ದು ಆಗಷ್ಟೇ ಒಂದು ತಿಂಗಳು. ಪೇಜ್‌ನ ಬಕ್‌ಶಾಟ್ ಲಾರಿಯಟ್ ಪಟ್ಟು ಬಿತ್ತು, ಬಕ್ಸ್ ಸೋತರು. ಆ ಪಂದ್ಯವನ್ನು ಆ ದಶಕದ ಒಳ್ಳೆಯ ಟ್ಯಾಗ್ ಪಂದ್ಯಗಳ ಪಟ್ಟಿಯಿಂದ ಯಾರೂ ಬಿಡುವುದಿಲ್ಲ.

ಏಪ್ರನ್ ಮೂಲೆ

ಆ ಪಂದ್ಯ ನನಗೂ ಬಹಳ ಇಷ್ಟ. ಅದರ ಕತೆ ಏನು ಹೇಳಿ? ಪೇಜ್‌ಗೆ ಬಕ್ಸ್, ಒಮೆಗಾ ಇರುವ ಗೆಳೆಯರ ಗುಂಪಿನಲ್ಲಿ ತನ್ನ ಜಾಗ ಇಲ್ಲ ಅನ್ನಿಸಿದೆ. ಒಮೆಗಾ ನಡುವೆ ಸಿಕ್ಕಿಕೊಂಡಿದ್ದಾನೆ, ಒಂದು ಕಡೆ ಹಳೇ ಗೆಳೆಯರು, ಇನ್ನೊಂದು ಕಡೆ ಜೊತೆಗಾರ. ಪ್ರತಿ ಸಲ ಕೈ ಚಾಚುವಾಗಲೂ ಇವನು ತಾಗಿಸುತ್ತಾನೋ ಇಲ್ಲವೋ ಅಂತ ಉಸಿರು ಬಿಗಿ ಹಿಡಿದು ನೋಡುತ್ತೇವೆ. ಪಂದ್ಯ ಪೂರ್ತಿ ಹೊಂದಾಣಿಕೆಯ ಬಗ್ಗೆಯೇ ಇದೆ. ಎದುರಿಗೆ ಒಂದೇ ಮನಸ್ಸಿನ ಅಣ್ಣತಮ್ಮಂದಿರು ಇದ್ದದ್ದರಿಂದಲೇ ಇವರ ಬಿರುಕು ಅಷ್ಟು ಎದ್ದು ಕಂಡಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಎಫ್‌ಟಿಆರ್ ಎಂಬ ಪಕ್ಕಾ ಜೋಡಿಯ ಎದುರು ಬೆಲ್ಟ್ ಕಳೆದುಕೊಂಡರು. ಜೋಡಿಯೂ ಅಲ್ಲಿಗೆ ಮುಗಿಯಿತು.

ಇಂಡೀ ಅಲ್ಲದಿದ್ದರೂ ಇನ್ನೊಂದು ಹೇಳಲೇಬೇಕು. ನಾವು ಮೆಚ್ಚುವ ಅನೇಕ ಇಂಡೀ ಕುಸ್ತಿಪಟುಗಳು 90ರ ದಶಕದ ಆಲ್ ಜಪಾನ್ ಎಂಬ ಜಪಾನೀ ಕಂಪನಿಯ ಟೇಪ್ ನೋಡಿ ಬೆಳೆದವರು. 1995ರ ಜೂನ್ 9, ಟೋಕಿಯೋದ ಬುಡೋಕಾನ್. ಮಿಸಾವಾ ಮತ್ತು ಕೊಬಾಶಿ ವಿರುದ್ಧ ಕವಾಡಾ ಮತ್ತು ಟಾವೇ. ಕವಾಡಾಗೆ ಒಂಟಿ ಪಂದ್ಯದಲ್ಲಿ ಮಿಸಾವಾನನ್ನು ಸೋಲಿಸಲು 1997ರ ತನಕ ಆಗಲಿಲ್ಲ. ಅವತ್ತು ಟಾವೇ ಜೊತೆಗಿದ್ದಾಗ ಮೊದಲ ಸಲ ಮಿಸಾವಾನ ಭುಜ ನೆಲಕ್ಕೆ ಒತ್ತಿ ಗೆದ್ದ. ಕಾಲು ನೋವಿನಲ್ಲಿದ್ದ ಕೊಬಾಶಿ, ಬಿದ್ದ ಮಿಸಾವಾನ ಮೇಲೆ ತಾನೇ ಮಲಗಿ ಏಟು ತಡೆಯುವುದು ಆ ಪಂದ್ಯದಲ್ಲೇ ಇದೆ. ನಾಲ್ವರೂ ಮಹಾ ಪ್ರತಿಭಾವಂತರು, ಅದರಲ್ಲಿ ಅನುಮಾನ ಇಲ್ಲ. ಅವತ್ತು ಅವರ ನಡುವೆ ವ್ಯತ್ಯಾಸ ಮಾಡಿದ್ದು ಯಾರ ಪಕ್ಕದಲ್ಲಿ ಯಾರು ನಿಂತಿದ್ದರು ಅನ್ನುವುದು.

ಕುಂದಾಪ್ರದವ

ಒಂದು ಕಷ್ಟದ ಪ್ರಶ್ನೆ ಕೇಳುತ್ತೇನೆ. 2023ರ ಜನವರಿ 17ರಂದು ಜೇ ಬ್ರಿಸ್ಕೋ ಲಾರೆಲ್‌ನಲ್ಲೇ ಕಾರು ಅಪಘಾತದಲ್ಲಿ ತೀರಿಕೊಂಡ. ಮರುವರ್ಷ, 2024ರ ಏಪ್ರಿಲ್‌ನಲ್ಲಿ ಮಾರ್ಕ್ ಒಬ್ಬನೇ ಎಡ್ಡಿ ಕಿಂಗ್‌ಸ್ಟನ್‌ನನ್ನು ಸೋಲಿಸಿ ರಿಂಗ್ ಆಫ್ ಆನರ್ ವಿಶ್ವ ಚಾಂಪಿಯನ್ ಆದ. ಜೇ ಆ ಬೆಲ್ಟ್ ಮೊದಲೇ ಎರಡು ಸಲ ಗೆದ್ದಿದ್ದ. ಹಾಗಾದರೆ ಇಬ್ಬರೂ ಮೊದಲಿನಿಂದಲೂ ಒಂಟಿಯಾಗಿಯೂ ಸಮರ್ಥರೇ ಅಲ್ವಾ? ಜೋಡಿಯಾಗಿ ಇದ್ದದ್ದರಿಂದ ಮಾರ್ಕ್‌ಗೆ ಅಷ್ಟು ವರ್ಷ ನಷ್ಟ ಆಯಿತು ಅಂತ ಯಾರಾದರೂ ಹೇಳಬಹುದಲ್ಲ?

ಏಪ್ರನ್ ಮೂಲೆ

ಹೇಳಬಹುದು. ಈ ಚರ್ಚೆಯಲ್ಲಿ ನನಗೆ ಎದುರಾದ ಅತಿ ಗಟ್ಟಿ ಮಾತು ಇದೇ.

ಜೇ ತೀರಿಕೊಂಡ ಎಂಟು ದಿನಕ್ಕೆ, ಅವನ ಹುಟ್ಟುಹಬ್ಬದ ದಿನವೇ, ಮಾರ್ಕ್ ಟಿವಿಯಲ್ಲಿ ಜೇ ಲೀಥಲ್ ಜೊತೆ ಆಡಿದ. ಎದುರಾಳಿಯೂ ಹಳೇ ಗೆಳೆಯನೇ. ಆ ಪಂದ್ಯ ನೋಡಿದವರಿಗೆ ಒಂದು ತಿಳಿದಿರುತ್ತದೆ: ಮಾರ್ಕ್ ಎಂಥ ಆಟಗಾರ ಅಂತ ನಾವು 20 ವರ್ಷ ಪೂರ್ತಿ ನೋಡಿರಲಿಲ್ಲ. ಜೇ ಮಾತಾಡುತ್ತಿದ್ದ, ಮಾರ್ಕ್ ಪಕ್ಕದಲ್ಲಿ ನಿಂತಿರುತ್ತಿದ್ದ. ಆಮೇಲೆ ಮಾರ್ಕ್ ತಾನೇ ಮೈಕ್ ಹಿಡಿದಾಗ ಅವನಿಗೂ ಮಾತು ಬರುತ್ತದೆ ಅಂತ ಎಲ್ಲರಿಗೂ ಗೊತ್ತಾಯಿತು. ಮಾತು ಮೊದಲೇ ಇತ್ತು. ಜಾಗ ಅಣ್ಣನಿಗೆ ಬಿಟ್ಟಿದ್ದ.

ನಷ್ಟ ಅಂತ ನಾನು ಕರೆಯುವುದಿಲ್ಲ. 2022ರಲ್ಲಿ ಎಫ್‌ಟಿಆರ್ ವಿರುದ್ಧ ಅವರು ಆಡಿದ ಮೂರು ಪಂದ್ಯಗಳಂಥದ್ದು ಒಬ್ಬನಿಂದ ಆಗುವ ಕೆಲಸವೇ ಅಲ್ಲ. ಅವನು ಎಷ್ಟೇ ದೊಡ್ಡವನಿರಲಿ. ಆದರೆ ಮಾರ್ಕ್ ತನ್ನದು ಅನ್ನಬಹುದಾದದ್ದನ್ನು ಬದಿಗಿಟ್ಟದ್ದು ನಿಜ. ಜೋಡಿ ಕೆಲಸಕ್ಕೆ ತೆರಬೇಕಾದ ಬೆಲೆ ಅದು. ಆ ಬೆಲೆ ಕಾಣದಿರುವುದರಿಂದಲೇ "ಒಂಟಿಯಾಗಿ ಮೇಲೆ ಬರೋಕೆ ಆಗದವರು" ಅನ್ನುವ ಮಾತು ಹುಟ್ಟುತ್ತದೆ. ನನಗೆ ಸಿಟ್ಟು ಬರುವುದು ಅಲ್ಲೇ.

ಅಂದಹಾಗೆ ಮಾರ್ಕ್ ಆ ವಿಶ್ವ ಬೆಲ್ಟ್ ಗೆದ್ದದ್ದು ಫಿಲಡೆಲ್ಫಿಯಾದಲ್ಲಿ. 17ರ ಹುಡುಗ ಅಂತ ರಿಂಗಿಗೆ ಬಿಡದಿದ್ದ ಅದೇ ಊರು.

ನ್ಯೂಜೆರ್ಸಿ ಕನ್ನಡತಿ

ಇದಕ್ಕೆ ಒಂದು ಸೇರಿಸುತ್ತೇನೆ. ಮಾರ್ಕ್‌ಗೆ ಕೊನೆಗೆ ಅವಕಾಶ ಸಿಕ್ಕಿತು. ಎಷ್ಟೋ ಜೋಡಿಗಳಲ್ಲಿ ಒಬ್ಬ ದೊಡ್ಡ ಕಂಪನಿಗೆ ಹೋದ ಮೇಲೆ ಇನ್ನೊಬ್ಬನನ್ನು ಯಾರೂ ಕೇಳುವುದಿಲ್ಲ. ಅವನೂ ಅಷ್ಟೇ ಏಟು ತಿಂದಿರುತ್ತಾನೆ, ಅಷ್ಟೇ ಕಾರು ಓಡಿಸಿರುತ್ತಾನೆ. ಕಂಪನಿಗಳು ಆಳನ್ನು ಆರಿಸುವಾಗ ಹಾರಿದವನನ್ನು ನೋಡುತ್ತವೆ. ಹಾರಲು ಅನುವು ಮಾಡಿಕೊಟ್ಟವನನ್ನು, ಹಾರಿದವನನ್ನು ಸರಿಯಾಗಿ ಹಿಡಿದವನನ್ನು ನೋಡುವುದಿಲ್ಲ. ಇದು ಅನ್ಯಾಯ ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಜೋಡಿಯನ್ನು ಜೋಡಿಯಾಗಿಯೇ ಕರೆಸಬೇಕು, ಇಬ್ಬರಿಗೂ ಪೂರ್ತಿ ಸಂಬಳ ಕೊಡಬೇಕು.

ಲ್ಯಾಡರ್ ವಾರ್

ಇದನ್ನು ಒಪ್ಪುತ್ತೇನೆ. ಆದರೂ ನನ್ನ ನಿಲುವು ಪೂರ್ತಿ ಬಿಡುವುದಿಲ್ಲ. ಏಟು ತಿನ್ನುವುದು, ಕಾಯುವುದು, ಬಿಟ್ಟುಕೊಡುವುದು ಎಲ್ಲವೂ ಕೊನೆಗೆ ಒಬ್ಬೊಬ್ಬನೂ ಕಲಿಯಬೇಕಾದ ಕಲೆಯೇ. ರಿಕಿ ಮಾರ್ಟನ್ ಆ ಕೆಲಸದಲ್ಲಿ ಪಳಗಿದ್ದ ಅಂತ ನೀವೇ ಹೇಳಿದಿರಿ. ಅದೂ ಅವನ ಸ್ವಂತ ಪ್ರತಿಭೆಯೇ.

ಏಪ್ರನ್ ಮೂಲೆ

ಹಾಗೆ ಹೇಳಿದರೆ ನಮ್ಮಿಬ್ಬರ ನಡುವೆ ಜಗಳಕ್ಕೆ ಜಾಸ್ತಿ ಏನೂ ಉಳಿದಿಲ್ಲ. ನನ್ನ ಹಟ ಇಷ್ಟೇ, ಆ ಪ್ರತಿಭೆಗೂ ಸರಿಸಮನಾದ ಗೌರವ ಸಿಗಬೇಕು.

ಗರಡಿ ಹುಡ್ಗ

ಇಷ್ಟೆಲ್ಲ ಓದಿದ ಮೇಲೆ ನೋಡಬೇಕು ಅನ್ನಿಸಿದೆ. ಮೊದಲು ಯಾವುದು ನೋಡಲಿ? ಉದ್ದ ಇದ್ದರೂ ಪರವಾಗಿಲ್ಲ.

ಏಪ್ರನ್ ಮೂಲೆ

ಉದ್ದ ಪರವಾಗಿಲ್ಲ ಅಂದರೆ 2022ರ ಜುಲೈ 23ರ ರಿಂಗ್ ಆಫ್ ಆನರ್ ಕಾರ್ಯಕ್ರಮ ಡೆತ್ ಬಿಫೋರ್ ಡಿಸ್ಆನರ್. ಎಫ್‌ಟಿಆರ್ ಮತ್ತು ಬ್ರಿಸ್ಕೋಸ್, ಮೂರರಲ್ಲಿ ಎರಡು ಗೆಲ್ಲಬೇಕು. 40 ನಿಮಿಷಕ್ಕೂ ಜಾಸ್ತಿ ಇದೆ. ಎಫ್‌ಟಿಆರ್ ಹೆಚ್ಚು ಹಾರುವವರಲ್ಲ, ನಿಮ್ಮ ಮಟ್ಟಿ ಕುಸ್ತಿಯ ಕಣ್ಣಿಗೆ ಅವರ ಹಿಡಿತ ಹಿಡಿಸುತ್ತದೆ. ಎರಡು ಸಲ ನೋಡಿ. ಮೊದಲ ಸಲ ಸುಮ್ನೆ ನೋಡಿ. ಎರಡನೇ ಸಲ ರಿಂಗಿನ ಒಳಗಿರುವವರನ್ನು ಬಿಟ್ಟು ಮೂಲೆಗಳಲ್ಲಿ ನಿಂತಿರುವ ಇಬ್ಬರನ್ನೇ ನೋಡಿ.

ಅದು ಹಿಡಿಸಿದರೆ ಅದೇ ವರ್ಷದ ಡಿಸೆಂಬರ್ 10ರ ಫೈನಲ್ ಬ್ಯಾಟಲ್. ಕುತ್ತಿಗೆಗೆ ಪಟ್ಟಿ, ನಡುವೆ ಸರಪಳಿ, ರಕ್ತ ಬಹಳ ಇದೆ, ಮನೆಯಲ್ಲಿ ಮಕ್ಕಳಿದ್ದರೆ ಅವರು ಮಲಗಿದ ಮೇಲೆ ಹಾಕಿ. ಬ್ರಿಸ್ಕೋಸ್ 13ನೇ ಸಲ ಗೆದ್ದದ್ದು ಅಲ್ಲಿ. ಅದಾದ ಮೇಲೆ ಲ್ಯಾಡರ್ ವಾರ್ ಅವರ ಮಾತಿಗೆ 2007ರ ಶಿಕಾಗೋ ಪಂದ್ಯ.

ಲ್ಯಾಡರ್ ವಾರ್

ಅಣ್ಣ, 2007ರದ್ದನ್ನು ಮೊದಲು ನೋಡಲಿ. ಬ್ರಿಸ್ಕೋಸ್ ಹುಡುಗರಾಗಿದ್ದಾಗ ಹೇಗಿದ್ದರು ಅಂತ ಗೊತ್ತಿದ್ದರೆ 2022ರದ್ದು ಇನ್ನೂ ಚೆನ್ನಾಗಿ ಹತ್ತುತ್ತದೆ. ಆಮೇಲೆ ನಡುವೆ ರೆವಲ್ಯೂಷನ್ 2020 ಕೂಡ ಹಾಕಿಕೊಳ್ಳಿ, ನಮ್ಮ ಪಕ್ಷದ್ದೂ ಒಂದು ಇರಲಿ.

ಗರಡಿ ಹುಡ್ಗ

ಸರಿ, 2007ರಿಂದ ಶುರು ಮಾಡುತ್ತೇನೆ. ನೋಡಿ ಮುಗಿಸಿ ಭಾನುವಾರ ಬರೆಯುತ್ತೇನೆ.